ಚಳಿ ಗೆದ್ದ ಎಲೆ

ರೆಹಾನಾಳ ದೊಡ್ಡಪತ್ರೆ ಸತ್ತು ಮತ್ತೆ ಹುಟ್ಟಿತು ಎಂಬ ಸುದ್ದಿ ಐರ್ಲೆಂಡಿನ ಡ್ರೋಹೆಡಾ ಊರಿನ ಕನ್ನಡದವರ ವಾಟ್ಸಾಪ್ ಗುಂಪಿಗೆ ಬಿದ್ದದ್ದು ಲಾಕ್‌ಡೌನಿನ ಮೊದಲ ವಸಂತದಲ್ಲಿ. ಗುಂಪಿನಲ್ಲಿ ಆಗ ಸತ್ತವರ ಅಂಕಿ, ಕಷಾಯದ ಬಗೆ, ಯಾರೋ ಯಾರಿಗೋ ಕಳಿಸಿದ ಹಸಿ ಸುಳ್ಳು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಅಂಥದ್ದರ ನಡುವೆ ಒಂದು ಮಣ್ಣಿನ ಕುಂಡ, ಕುಂಡದ ತುಂಬ ಮೆತ್ತಗೆ ರೋಮ ಹೊದ್ದ ಹಸಿರೆಲೆ, ಕೆಳಗೆ ರೆಹಾನಾಳ ಒಂದೇ ಸಾಲು: "ಐರ್ಲೆಂಡಿನ ಚಳಿ ಸೋತಿದೆ, ಮಾಗಡಿ ರಸ್ತೆ ಗೆದ್ದಿದೆ."

ಹೆಬ್ಬೆರಳು, ಹೃದಯ, ಚಪ್ಪಾಳೆ ಎಲ್ಲ ಸುರಿದವು. ನರಸಿಂಹ ಎಂಬ ಬಾಯಿಬಡುಕ ಹುಡುಗ, "ಅಕ್ಕಾ, ಈ ಗಿಡಕ್ಕೊಂದು ಪಾಸ್‌ಪೋರ್ಟ್ ಮಾಡಿಸಿ" ಎಂದ. ನಾಗಮಣಿ ಎಂಬಾಕೆ ಒಂದು ಸಸಿ ಕೊಡಲೇಬೇಕು ಎಂದು ದುಂಬಾಲು ಬಿದ್ದಳು. ಕುಂಡದ ಅಂಚಿನಲ್ಲಿ ಎದ್ದಿದ್ದ ಮರಿಯೊಂದನ್ನು ರೆಹಾನಾ ಮೊಸರಿನ ಡಬ್ಬಕ್ಕೆ ನೆಟ್ಟು ಅವಳ ಬಾಗಿಲಲ್ಲಿ ಇಟ್ಟು ಬಂದಳು.

ಹೆಮ್ಮೆ ಪಡಲು ಅವಳಿಗೆ ಕಾರಣವಿತ್ತು. ಎರಡು ವರ್ಷದ ಹಿಂದೆ ಬೆಂಗಳೂರಿನ ಮಾಗಡಿ ರಸ್ತೆಯ ಟೆರೇಸಿನಿಂದ ಒಂದು ಕಡ್ಡಿ ಮುರಿದು, ಒದ್ದೆ ಕರ್ಚೀಫಿನಲ್ಲಿ ಸುತ್ತಿ, ಸೂಟ್‌ಕೇಸಿನ ದುಪಟ್ಟಾಗಳ ನಡುವೆ ಮಲಗಿಸಿ ತಂದಿದ್ದಳು. ಮೊದಲ ಚಳಿಗಾಲ ಅಡುಗೆಮನೆಯ ಕಿಟಕಿಯಲ್ಲಿ ಕಳೆದು, ಹೋದ ಬೇಸಿಗೆಯಲ್ಲಿ ಅದು ಹಿತ್ತಿಲಲ್ಲಿ ಪೊದೆಯಾಗಿ ಬೆಳೆದು ಅರ್ಧ ಊರಿನ ಕೆಮ್ಮಿಗೆ ರಸವಾಗಿತ್ತು. ನವೆಂಬರಿನ ಒಂದೇ ಒಂದು ಹಿಮದ ಬೆಳಗ್ಗೆ ಕಪ್ಪಗೆ ಕರಗಿ ಕೊಳೆತ ಸೊಪ್ಪಾಗಿತ್ತು. ಅವಳು ಕುಂಡವನ್ನು ಎಸೆಯಲಿಲ್ಲ, ಗೋಡೆಯ ಬುಡಕ್ಕೆ ಸರಿಸಿದಳು ಅಷ್ಟೇ. ಈಗ ಅದೇ ಕುಂಡದಲ್ಲಿ ಅದೇ ರೋಮದ ಎಲೆ, ಅದೇ ಕಚ್ಚುಕಚ್ಚಾದ ಅಂಚು. ನಂಬದೆ ಇರಲು ಕಲ್ಲಾಗಿರಬೇಕು.

ನಂಬದವಳು ಒಬ್ಬಳಿದ್ದಳು, ಮಗಳು ಅಲೀನಾ. ಹದಿನಾರರ ಹುಡುಗಿ, ಹುಟ್ಟಿದ್ದು ಇಲ್ಲೇ. ಕನ್ನಡ ಪೂರ್ತಿ ಕಿವಿಗೆ ಹೋಗುತ್ತದೆ, ಬಾಯಿಂದ ಬರುವುದು ಮಾತ್ರ ಡ್ರೋಹೆಡಾದ ಇಂಗ್ಲಿಷ್.

"ಅಮ್ಮಿ, ದಟ್ಸ್ ನಾಟ್ ದ ಸೇಮ್ ಪ್ಲಾಂಟ್, ಲೈಕ್. ಎಲೆ ಟೂ ಥಿನ್."

"ಚಳಿ ತಿಂದು ಸೊರಗೈತೆ ಕಣೇ. ನಿಂಗೇನ್ ಗೊತ್ತು ನಮ್ಮೂರ ಗಿಡ? ಬಾಣಂತಿ ಎದ್ದು ಓಡಾಡಿದ ಹಾಗೆ ಐತೆ, ದಪ್ಪ ಆಗುತ್ತೆ ನೋಡ್ತಾ ಇರು."

ಒಂದು ಎಲೆ ಕಿತ್ತು ಮೂಸಿದ್ದರೆ ಅಲ್ಲಿಗೇ ಕತೆ ಮುಗಿಯುತ್ತಿತ್ತು. ದೊಡ್ಡಪತ್ರೆಯನ್ನು ಬೆರಳಿಂದ ಮುಟ್ಟಿದರೆ ಸಾಕು, ಓಮದಂಥ ಘಮ ಕೈಗೆ ಅಂಟಿಕೊಂಡು ಸೋಪಿಗೂ ಜಗ್ಗುವುದಿಲ್ಲ. ಆದರೆ ರೆಹಾನಾಳ ಮೂಗು ಸತ್ತು ತಿಂಗಳಾಗಿತ್ತು. ಗಂಡ ಸಮೀವುಲ್ಲಾನದೂ ಅಷ್ಟೆ.

ಮೂಗು ಸತ್ತ ಕತೆಯನ್ನು ಅವಳು ಯಾರಿಗೂ ಮೆಲ್ಲಗೆ ಹೇಳಿದವಳಲ್ಲ. ಊರಾಚೆಯ ಖಾಸಗಿ ವೃದ್ಧಾಶ್ರಮವೊಂದರಲ್ಲಿ ಅವಳು ಕೇರರ್. ಮುದುಕರನ್ನು ಎಬ್ಬಿಸಿ, ತೊಳೆದು, ಉಣಿಸಿ, ಮಲಗಿಸುವ ಕೆಲಸ. ಡೆಸ್ಮಂಡ್ ಎಂಬ ಹಳೆಯ ರೈಲ್ವೆ ಗಾರ್ಡಿಗೆ ದಿನವೂ ಗಡ್ಡ ಹೆರೆಯುತ್ತಿದ್ದವಳು ಅವಳೇ. ಮಾರ್ಚ್ ನಡುವಿನಲ್ಲಿ ಅವನು ಕೆಮ್ಮತೊಡಗಿದಾಗ ಮ್ಯಾನೇಜರಮ್ಮ, "ಬರೀ ಚೆಸ್ಟ್ ಇನ್ಫೆಕ್ಷನ್, ಹೀ ಇಸ್ ಗ್ರ್ಯಾಂಡ್" ಎಂದಳು, ಇಲ್ಲಿಯವರ ಬಾಯಲ್ಲಿ ಚೆನ್ನಾಗೇ ಇದ್ದಾನೆ ಎಂದರ್ಥ. ಮಾಸ್ಕು ಕೇಳಿದವರಿಗೆ, "ಮುದುಕರು ಹೆದರಿಕೊಳ್ತಾರೆ" ಎಂದಳು. ಅವನ ಕೊರೊನಾ ಪರೀಕ್ಷೆಯ ಫಲ ಬಂದದ್ದು ಸೋಮವಾರ, ಕೇರರ್‌ಗಳಿಗೆ ಗೊತ್ತಾದದ್ದು ಗುರುವಾರ, ಅವನು ಸತ್ತ ಮೇಲೆ. ಅಷ್ಟರಲ್ಲಿ ರೆಹಾನಾ ಅವನ ಗಲ್ಲಕ್ಕೆ ಗಲ್ಲ ತಾಗುವಷ್ಟು ಬಾಗಿ ಮತ್ತೆ ಮೂರು ಬಾರಿ ಗಡ್ಡ ಹೆರೆದಾಗಿತ್ತು. ವೃದ್ಧಾಶ್ರಮದ ಹೆಸರು ಕೆಡಬಾರದು, ಅಷ್ಟೆ. "ಅವರಿಗೆ ಮೊದಲೇ ಕಾಯಿಲೆ ಇತ್ತಲ್ಲ" ಎಂದು ಮ್ಯಾನೇಜರಮ್ಮ ಒಂದು ಮಾತಿನಲ್ಲಿ ಅವನನ್ನು ಮಣ್ಣು ಮಾಡಿದಳು.

ಜ್ವರದಲ್ಲಿ ರೆಹಾನಾ ಮಂಚ ಹಿಡಿದಿದ್ದಾಗ ಬೀದಿಯ ಜನ ಬಾಗಿಲಲ್ಲಿ ನಿಂತು ಆರೋಗ್ಯ ಕಾರ್ಮಿಕರಿಗೆಂದು ಚಪ್ಪಾಳೆ ಹೊಡೆದರು. ಚಪ್ಪಾಳೆಯನ್ನು ಮೂತಿಗೆ ಕಟ್ಟಿಕೊಳ್ಳಲು ಬರುವುದಿಲ್ಲ. ಗುಣವಾದ ಮೇಲೆ ಅವಳು ಸಿಕ್ಕಸಿಕ್ಕವರಿಗೆ ಹೇಳಿದ್ದು ಒಂದೇ: "ಕಾಯಿಲೆ ಬರೋದು ತಪ್ಪಲ್ಲ, ಅದು ಗಾಳೀಲಿ ಬರುತ್ತೆ. ಗೊತ್ತಿದ್ದೂ ಬಾಯಿ ಮುಚ್ಕೊಂಡ್ರಲ್ಲ, ಅದು ಕೊಲೆ."

ಪಕ್ಕದ ಮನೆಯ ಬ್ರೀಡ್ ಈ ಮಾತಿಗೆ ಗೋಡೆಯಾಚೆಯಿಂದ ತಲೆಯಾಡಿಸಿದ್ದಳು. ಎಂಬತ್ತು ದಾಟಿದ ವಿಧವೆ. ಎಪ್ಪತ್ತು ಮೀರಿದವರು ಹೊಸ್ತಿಲು ದಾಟಬಾರದೆಂಬ ಸರ್ಕಾರದ ಅಪ್ಪಣೆ ಇದ್ದುದರಿಂದ ಹಿತ್ತಿಲೇ ಅವಳ ಜಗತ್ತು. ರೆಹಾನಾ ಅವಳನ್ನು ಬ್ರೀಡಮ್ಮ ಎಂದೇ ಕರೆಯುತ್ತಿದ್ದಳು. ಮುದುಕಿಗೂ ಅದು ಒಗ್ಗಿಹೋಗಿತ್ತು.

ಹೋದ ಜೂನ್‌ನಲ್ಲಿ ಬ್ರೀಡಮ್ಮನ ಹಿತ್ತಿಲ ತುಂಬ ಆಳೆತ್ತರದ ದಂಟುಗಳು ಎದ್ದು, ಒಂದೊಂದರ ಮೈತುಂಬ ನೇರಳೆ ಗಂಟೆಗಳು ತೂಗಿದ್ದವು. ರೆಹಾನಾ ಗೋಡೆಯ ಮೇಲಿಂದ ಕೈಚಾಚಿ ಒಂದು ದಂಟು ಮುರಿಯಲು ಹೋದಾಗ ಮುದುಕಿ ಊರುಗೋಲೆತ್ತಿ ತಡೆದಿದ್ದಳು.

"ಮುಟ್ಟಬೇಡ ಕಣಮ್ಮ. ಇದು ಫಾಕ್ಸ್‌ಗ್ಲವ್. ಹಳಬರ ಬಾಯಲ್ಲಿ ಲುಸ್ ಮೋರ್, ದೊಡ್ಡ ಗಿಡ ಅಂತ ಅರ್ಥ. ಅವರದು."

"ಯಾರದು?"

"ಅವರದು. ದಿಬ್ಬದ ಕೆಳಗಿರೋರು. ಹೆಸರು ಹಿಡಿದು ಕರೀಬಾರದು, 'ಒಳ್ಳೇ ಜನ' ಅಂತೀವಿ. ಈ ಹೂವು ಅವರ ಬೆರಳಿನ ಟೋಪಿ. ಅವರು ಹಾದು ಹೋದ್ರೆ ದಂಟು ತಲೆ ಬಾಗಿಸುತ್ತೆ. ಮನೆಯೊಳಗೆ ತಂದ್ರೆ ಹಿಂದೇನೇ ಬರ್ತಾರೆ."

ಕಿನ್ನರರ ಕತೆ ಎಂದು ರೆಹಾನಾ ನಕ್ಕಿದ್ದಳು. ಬ್ರೀಡಮ್ಮ ನಗಲಿಲ್ಲ.

"ನಮ್ಮಜ್ಜಿಯ ತಂಗಿ ಒಬ್ಬಳಿದ್ದಳು. ಹುಟ್ಟಿದಾಗಿಂದ ಸಣಕಲು, ಸದಾ ಅಳು. ಇದು ನಮ್ಮ ಮಗು ಅಲ್ಲ, ಅವರು ನಮ್ಮದನ್ನ ಕದ್ದು ತಮ್ಮದನ್ನ ಇಟ್ಟು ಹೋಗಿದ್ದಾರೆ ಅಂದ್ರು. ಅದಕ್ಕೊಂದು ಪರೀಕ್ಷೆ ಇತ್ತು. ಈ ಎಲೆಯ ರಸ ಕುಡಿಸೋದು. ಅವರ ಮಗು ಆಗಿದ್ರೆ ಎದ್ದು ಹೋಗುತ್ತೆ."

"ಆಮೇಲೆ?"

"ಸತ್ತು ಹೋಯ್ತು. ನೋಡಿ, ನಮ್ಮದಾಗಿರಲಿಲ್ಲ ಅಂದ್ರು. ಯಾರ ತಪ್ಪೂ ಇಲ್ಲ. ಊರೆಲ್ಲ ಆರಾಮಾಗಿ ಮಲಗ್ತು." ಮುದುಕಿ ಎದೆ ಮುಟ್ಟಿಕೊಂಡಿದ್ದಳು. "ಇದೇ ಜಾತಿ ಗಿಡದಿಂದ ಮಾಡಿದ ಮಾತ್ರೆ, ದಿನಾ ಒಂದು ಚೂರು ನುಂಗ್ತೀನಿ. ಹಾರ್ಟ್ ಓಡೋದು ಅದರಿಂದಲೇ. ಚೂರು ಹೆಚ್ಚಾದ್ರೆ ನಿಲ್ಲೋದೂ ಅದರಿಂದಲೇ."

ಆ ಮಾತು ರೆಹಾನಾಳ ಮನಸ್ಸಿನಲ್ಲಿ ಉಳಿದಿತ್ತು. ಆದರೆ ಅವಳು ಕಂಡದ್ದು ಹೂವು. ಹೂವಿಗೆ ಮುಂಚೆ ಆ ಗಿಡ ಒಂದು ಚಳಿಗಾಲವಿಡೀ ನೆಲಕ್ಕೆ ಒರಗಿ ಬರೀ ಎಲೆಯಾಗಿ ಕೂತಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಧೂಳಿನಷ್ಟು ಸಣ್ಣ ಅದರ ಬೀಜ ಗೋಡೆ ಹಾರಿ, ಒದ್ದೆ ಮಣ್ಣಿರುವ ಯಾವ ಕುಂಡದಲ್ಲಾದರೂ ಮನೆ ಮಾಡುತ್ತದೆಂದೂ ಗೊತ್ತಿರಲಿಲ್ಲ.

ರಂಜಾನ್ ಬಂತು. ಮಸೀದಿಗೆ ಬೀಗ, ನೆಂಟರಿಲ್ಲ, ಗೆಳೆಯರಿಲ್ಲ, ಅಜಾನ್ ಕೂಗುವುದು ಫೋನು. ಆದರೆ ಇಫ್ತಾರಿನ ತಟ್ಟೆ ಮನೆಯಿಂದ ಮನೆಗೆ ಹೋಗದ ರಂಜಾನನ್ನು ರೆಹಾನಾ ಒಪ್ಪುವವಳಲ್ಲ. ಮೇ ತಿಂಗಳ ನಡುವಿನ ಒಂದು ಸಂಜೆ, ಚಿಗುರು ಅಂಗೈ ಅಗಲ ಆಗಿದೆ ಎನ್ನಿಸಿ, ಕಡಲೆಹಿಟ್ಟು ಕಲಸಿ ಎಲೆಯ ಬಜ್ಜಿ ಕರಿದಳು. ರೋಜಾದ ಉಪವಾಸ ಇದ್ದುದರಿಂದ ರುಚಿ ನೋಡುವ ಹಾಗಿರಲಿಲ್ಲ, ನೋಡಿದ್ದರೂ ಆ ನಾಲಿಗೆಗೆ ತಿಳಿಯುತ್ತಿರಲಿಲ್ಲ. ಅಲೀನಾ ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಶಾಲೆಯ ಕೆಲಸದಲ್ಲಿದ್ದಳು.

ಎರಡು ತಟ್ಟೆ ಹೊರಟವು. ಒಂದು ಬ್ರೀಡಮ್ಮನಿಗೆ. ಇನ್ನೊಂದು ಎರಡು ಬೀದಿ ಆಚೆ ಇದ್ದ ಮೈಸೂರಿನ ಸುರೇಶ, ವಸುಂಧರಾ ದಂಪತಿಗೆ. ಇಬ್ಬರೂ ಸಾಫ್ಟ್‌ವೇರಿನವರು. ವಸುಂಧರಾ ಆರು ತಿಂಗಳ ಬಸುರಿ, ತವರಿಂದ ಬರಬೇಕಿದ್ದ ತಾಯಿ ವಿಮಾನವಿಲ್ಲದೆ ಅಲ್ಲೇ ಉಳಿದಿದ್ದರು. "ಬಜ್ಜಿ ತಿನ್ನೋ ಆಸೆ ಅಕ್ಕ" ಎಂದು ಅವಳೇ ಬಾಯಿಬಿಟ್ಟು ಕೇಳಿದ್ದಳು.

ಕಳಿಸುವ ಮುಂಚೆ ರೆಹಾನಾಳಿಗೆ ಒಂದು ಶೋಕಿ ಹೊಳೆಯಿತು. ಚಳಿ ಗೆದ್ದ ಗಿಡ ಯಾವುದೆಂದು ನೋಡಲಿ ಎಂದು ಬ್ರೀಡಮ್ಮನ ತಟ್ಟೆಯ ಮೇಲೆ ಒಂದು ಹಸಿ ಎಲೆಯನ್ನು ಬಾವುಟದ ಹಾಗೆ ಸಿಕ್ಕಿಸಿದಳು.

ಸೂರ್ಯ ಇನ್ನೂ ಮುಳುಗಿರಲಿಲ್ಲ. ಮೇಜಿನ ಮೇಲೆ ಖರ್ಜೂರ, ನೀರು, ಮಧ್ಯದಲ್ಲಿ ಬಜ್ಜಿಯ ಗುಡ್ಡ. ಆಗ ಹಿತ್ತಿಲ ಗೋಡೆಯ ಮೇಲೆ ದಬದಬನೆ ಊರುಗೋಲಿನ ಏಟು ಬಿತ್ತು.

"ರೆಹಾನಾ! ಯಾರಾದ್ರೂ ತಿಂದ್ರಾ?"

ರೆಹಾನಾ ಓಡಿ ಹೊರಬಂದಳು. ಬ್ರೀಡಮ್ಮ ಗೋಡೆಯಾಚೆ ಏದುಸಿರು ಬಿಡುತ್ತ ನಿಂತಿದ್ದಳು. ಕೈಯಲ್ಲಿ ಕಾಗದದ ಕರವಸ್ತ್ರ, ಅದರಲ್ಲಿ ಆ ಎಲೆ.

"ಇದು ಲುಸ್ ಮೋರ್ ಕಣಮ್ಮ. ನನ್ನ ಗಿಡ ಇದು. ವಿಷ."

ರೆಹಾನಾಳ ಕಿವಿ ಬಿಸಿಯಾಯಿತು. "ಬ್ರೀಡಮ್ಮ, ನನ್ನ ಗಿಡ ಯಾವುದೂಂತ ನನಗೇ ಹೇಳ್ಕೊಡ್ತೀರಾ? ಹುಟ್ಟಿದಾಗಿಂದ ಇದನ್ನ ತಿಂದು ಬೆಳೆದೋಳು ನಾನು."

ಮುದುಕಿ ಊರುಗೋಲಿನಿಂದ ತನ್ನ ಕಡೆಯ ಗೋಡೆಯ ಬುಡ ತೋರಿಸಿದಳು. ರೆಹಾನಾ ಬಕೆಟ್ಟು ಮಗುಚಿ ಹತ್ತಿ ಇಣುಕಿದಳು. ಅಲ್ಲಿ ಸಾಲಾಗಿ, ಯಾರೂ ಮಾಗಡಿ ರಸ್ತೆಯಿಂದ ತಂದು ನೆಡದೆ, ಅದೇ ರೋಮದ ಎಲೆ, ಅದೇ ಕಚ್ಚಾದ ಅಂಚು. ನಡುವಿನ ಒಂದೆರಡು ಗಿಡದಲ್ಲಿ ದಂಟು ಆಗಲೇ ಎದ್ದು ಮೊಗ್ಗು ಕಟ್ಟಿತ್ತು.

"ಅಲೀನಾ!" ಎಂದು ಅವಳು ಕೂಗಿದ ಕೂಗಿಗೆ ಹುಡುಗಿ ಮೆಟ್ಟಿಲು ಹಾರಿಕೊಂಡು ಬಂದಳು. "ಮೂಸು ಇದನ್ನ. ಹೋದ ವರ್ಷ ಕೆಮ್ಮಿಗೆ ಜೇನಲ್ಲಿ ರಸ ಕೊಡ್ತಿದ್ನಲ್ಲ, ಆ ವಾಸನೆ ಐತಾ?"

ಅಲೀನಾ ಎಲೆಯನ್ನು ಉಜ್ಜಿ ಮೂಗಿಗೆ ಹಿಡಿದಳು. "ನೋ, ಅಮ್ಮಿ. ಇಟ್ಸ್ ಜಸ್ಟ್ ಗ್ರಾಸ್." ತಾಯಿಯ ಮುಖ ನೋಡಿ, ತನಗೆ ಬಾರದ ಕನ್ನಡವನ್ನೇ ಹುಡುಕಿ ತಂದಳು. "ಬರೀ ಹುಲ್ಲು."

ಸಮೀವುಲ್ಲಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಸ್ಯಾಂಟ್ರಿಯ ಗೋದಾಮಿನಲ್ಲಿ ಹಗಲಿಡೀ ಪೆಟ್ಟಿಗೆ ಎತ್ತಿ ಬಂದವನು, ಜಗಳ ಎಂದರೆ ಆಗದವನು. ಮೇಜಿನ ಮೇಲಿದ್ದ ಬಜ್ಜಿಯನ್ನೆಲ್ಲ ಕಸದ ಚೀಲಕ್ಕೆ ಸುರಿದು ಗಂಟು ಕಟ್ಟಿದ.

"ನಾವು ಬಚಾವಾದ್ವಿ ಬಿಡು, ರೋಜಾ ಉಳಿಸ್ತು. ವಸುಂಧರಾ ಅವರಿಗೆ ಫೋನ್ ಮಾಡು. ಎಣ್ಣೆ ಹಳೇದಾಗಿತ್ತು, ತಿನ್ಬೇಡಿ, ಬಿಸಾಕಿ ಅಂತ ಹೇಳು. ಮುಗೀತು."

"ಎಣ್ಣೆ ಹಳೇದಾ?"

"ಮತ್ತೇನ್ ಹೇಳ್ತೀಯಾ? ಬಸುರಿ ಹೆಂಗಸಿಗೆ ವಿಷ ಕಳ್ಸಿದೀನಿ ಅಂತಾನಾ? ರೆಹಾನಾ, ಕಾಲ ಕೆಟ್ಟೈತೆ. ಊರಲ್ಲಿ ನಮ್ಮೋರು ರೋಗ ಹಂಚ್ತಾರೆ ಅಂತ ವಿಡಿಯೋ ಓಡಾಡ್ತಾ ಐತೆ. ಆ ಗುಂಪಲ್ಲೂ ಬಂದಿತ್ತು, ನೋಡಿಲ್ವಾ? ನಿನ್ನ ಕೈ ತಟ್ಟೆ ಅಂದ್ರೆ ನಾಳೆಯಿಂದ ಯಾರು ಮುಟ್ತಾರೆ?"

ಅವನು ಹೇಳಿದ್ದು ಸುಳ್ಳಲ್ಲ, ಅದೇ ಅವಳ ಎದೆಗೆ ನಾಟಿತು. ಈ ಊರಿನಲ್ಲಿ ಅವಳಿಗಿದ್ದ ಆಸ್ತಿ ಅದೊಂದೇ, ರೆಹಾನಾ ಅಕ್ಕನ ಕೈಯಡುಗೆ ಎಂಬ ಹೆಸರು. ಲಿಂಗಾಯತರ ಮನೆಯ ಸೀಮಂತಕ್ಕೂ ಬ್ರಾಹ್ಮಣರ ಮನೆಯ ನಾಮಕರಣಕ್ಕೂ ಮೊದಲ ಒಗ್ಗರಣೆ ಹಾಕಲು ಕರೆಯುತ್ತಿದ್ದದ್ದು ಅವಳನ್ನು. ಎಷ್ಟೋ ವರ್ಷ ಒಂದೊಂದೇ ತಟ್ಟೆ ಕಳಿಸಿ ಕಟ್ಟಿದ ಹೆಸರು ಅದು. ಎಣ್ಣೆ ಹಳೆಯದು ಎಂದರೆ ಹೆಸರಿಗೆ ಒಂದು ಸಣ್ಣ ಗೀರು, ಎರಡು ದಿನ ತಮಾಷೆ. ನಿಜ ಹೇಳಿದರೆ ಪೂರ್ತಿ ಹೋಯಿತು.

ಆದರೆ ಒಂದು ವೇಳೆ ವಸುಂಧರಾ ತಿಂದಿದ್ದರೆ? ಹಳೆಯ ಎಣ್ಣೆ ತಿಂದವರು ಏನು ಮಾಡುತ್ತಾರೆ? ಜೀರಿಗೆ ನೀರು ಕುಡಿದು ಮಲಗುತ್ತಾರೆ. ವಾಂತಿಯಾದರೆ, ಬಸುರಿಗೆ ವಾಂತಿ ಮಾಮೂಲು ಎನ್ನುತ್ತಾರೆ. ಬೆಳಗ್ಗೆ ಏಳದಿದ್ದರೆ?

ಬರೀ ಚೆಸ್ಟ್ ಇನ್ಫೆಕ್ಷನ್. ಹೀ ಇಸ್ ಗ್ರ್ಯಾಂಡ್. ಅವರಿಗೆ ಮೊದಲೇ ಕಾಯಿಲೆ ಇತ್ತಲ್ಲ. ನೋಡಿ, ಆ ಮಗು ನಮ್ಮದಾಗಿರಲಿಲ್ಲ.

"ರೀ," ಎಂದಳು ರೆಹಾನಾ. ದನಿ ಏರಲಿಲ್ಲ. "ಹೋಗೋ ಹೆಸರಾದ್ರೆ ಹೋಗ್ಲಿ. ನಾನು ಆ ಮ್ಯಾನೇಜರಮ್ಮ ಅಲ್ಲ."

ಫೋನು ಎತ್ತಿದವನು ಸುರೇಶ. ನಗುತ್ತಲೇ ಎತ್ತಿದ. "ಏನ್ ಅಕ್ಕ, ಬಜ್ಜಿ ರಿವ್ಯೂ ಬೇಕಾ? ವಸು ಸ್ವಲ್ಪ ಕಹಿ ಅಂತಿದ್ಲು, ಆದ್ರೂ ಎರಡು ತಿಂದ್ಲು. ನಾನು ಮೀಟಿಂಗಲ್ಲಿದ್ದೆ, ನಂಗಿನ್ನೂ..."

"ಸುರೇಶ, ಬಾಯಿ ಮುಚ್ಕೊಂಡು ಕೇಳಿಸ್ಕೋ. ಅದು ದೊಡ್ಡಪತ್ರೆ ಅಲ್ಲ, ಫಾಕ್ಸ್‌ಗ್ಲವ್ ಅನ್ನೋ ವಿಷದ ಗಿಡ. ಹಾರ್ಟಿಗೆ ಹೊಡೆಯುತ್ತೆ. ನಾನು ತಪ್ಪು ತಿಳ್ಕೊಂಡು ಕರಿದು ಕಳಿಸ್ದೆ. ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗು. ಬಾಗಿಲಲ್ಲೇ ಫಾಕ್ಸ್‌ಗ್ಲವ್ ಅಂತ ಹೆಸರು ಹೇಳು, ಮಿಕ್ಕಿದ್ದೆಲ್ಲ ಆಮೇಲೆ. ಎಲೆ ನಾನು ಹಿಡ್ಕೊಂಡು ಬರ್ತೀನಿ."

ಆ ಕಡೆ ಬಚ್ಚಲಿನಿಂದ ವಸುಂಧರಾ ಕಾರಿಕೊಳ್ಳುವ ಸದ್ದು ಫೋನಿನಲ್ಲಿ ಕೇಳಿಸಿತು.

ಊರಿನ ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ವಸುಂಧರಾಳನ್ನು ಒಬ್ಬಳನ್ನೇ ಒಳಗೆ ಬಿಟ್ಟರು, ಕೊರೊನಾ ನಿಯಮ. ಎಲೆಯ ಚೀಲವನ್ನು ನರ್ಸ್ ಕೈಗೆ ಕೊಟ್ಟು ರೆಹಾನಾ ಪಾರ್ಕಿಂಗಿಗೆ ಬಂದಳು. ಸುರೇಶನ ಕಾರು, ಒಂದು ಜಾಗ ಖಾಲಿ, ಆಚೆ ಸಮೀವುಲ್ಲಾನ ಕಾರು. ಗಾಜು ಇಳಿಸಿಕೊಂಡು ಕೂತರು. ಫೋನು ಅಜಾನ್ ಕೂಗಿತು. ಅವಳು ಒಂದು ಗುಟುಕು ನೀರು ಕುಡಿದು ರೋಜಾ ಮುರಿದಳು.

"ಯಾಕಕ್ಕ, ಗೊತ್ತಿಲ್ದೇ ಇರೋದನ್ನ ಯಾಕೆ ಕೊಟ್ರಿ?" ಎಂದ ಸುರೇಶ. ಅವಳ ಕಡೆ ತಿರುಗಲಿಲ್ಲ.

"ಗೊತ್ತು ಅನ್ಕೊಂಡಿದ್ದೆ. ಆ ಜಂಬವೇ ತಪ್ಪು. ಬೈಯ್ಯಿ, ನಿಂಗೆ ಹಕ್ಕೈತೆ."

ಅವನು ಬೈಯಲಿಲ್ಲ, ಅತ್ತ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಮರುದಿನ ಮಧ್ಯಾಹ್ನ ಅವನೇ ಫೋನು ಮಾಡಿದ. ವಸುಂಧರಾಳ ನಾಡಿ ಇಳಿದು ಹೋಗಿತ್ತಂತೆ, ದೀಪದ ಸುತ್ತ ಹಳದಿ ಬಳೆ ಕಾಣುತ್ತಿದೆ ಎಂದಳಂತೆ. ಪ್ರತಿಮದ್ದು ಕೊಟ್ಟರು. ಈಗ ನಾಡಿ ನೆಟ್ಟಗಿದೆ, ಮಗುವಿನ ಎದೆಬಡಿತವನ್ನು ಫೋನಿನಲ್ಲೇ ಕೇಳಿಸಿದರು. ಇನ್ನೆರಡು ದಿನ ಇಟ್ಟುಕೊಳ್ಳುತ್ತಾರೆ. ಹೇಳಿ ಮುಗಿಸಿದ ಮೇಲೂ ಸುರೇಶ ಫೋನು ಇಡಲಿಲ್ಲ.

"ಅಕ್ಕ, ಡಾಕ್ಟರ್ ಹೇಳಿದ್ರು. ಏನು ತಿಂದಿದ್ದಾರೆ ಅಂತ ಗೊತ್ತಿಲ್ದೇ ಬಂದಿದ್ರೆ ಹುಡುಕೋದ್ರಲ್ಲೇ ಹೊತ್ತು ಹೋಗ್ತಿತ್ತಂತೆ. ಹೆಸರು ಜೊತೆಗೇ ಬಂತು, ಅದಕ್ಕೆ ಉಳಿದ್ಲು ಅಂದ್ರು."

ರೆಹಾನಾ ಹಿತ್ತಿಲಿಗೆ ಹೋಗಿ ಕುಂಡದ ಇನ್ನೊಂದು ಚಿತ್ರ ತೆಗೆದಳು. ಹಿಂದೆ ಹಾಕಿದ್ದ ಚಿತ್ರದ ಕೆಳಗೇ, ಎಲ್ಲರಿಗೂ ಕಾಣುವಂತೆ ಬರೆದಳು: "ಇದು ದೊಡ್ಡಪತ್ರೆ ಅಲ್ಲ, ವಿಷ. ನನ್ನ ದೊಡ್ಡಪತ್ರೆ ಚಳಿಗೆ ಸತ್ತೇಹೋಗಿತ್ತು. ಮೂಗು ಹೋಗಿದ್ದರಿಂದ ನಾನು ಗುರುತು ತಪ್ಪಿದೆ. ನನ್ನ ಕೈಯಾರೆ ಕೊಟ್ಟದ್ದು ತಿಂದು ವಸುಂಧರಾ ಆಸ್ಪತ್ರೆಯಲ್ಲಿದ್ದಾಳೆ. ನಿಮ್ಮ ಮನೆಯಲ್ಲಿ ಈ ಎಲೆ ಇದ್ದರೆ ಬಾಯಿಗೆ ಇಡಬೇಡಿ. ಮೂಗು ಹೋದವರು ಇದ್ದವರ ಕೈಲಿ ಮೂಸಿಸಿ. ರೆಹಾನಾ."

ಒಬ್ಬರು ಯಾರೋ ಗುಂಪು ಬಿಟ್ಟು ಹೋದರು. ಇನ್ಯಾರೋ "ಇನ್ಮೇಲೆ ಯಾರ ಮನೆಯದು ತಿನ್ನಬೇಕು ಅಂತ ಯೋಚನೆ ಮಾಡ್ಬೇಕು" ಎಂದು ಹಾಕಿದರು, ಯಾರ ಮನೆ ಎಂದು ಬರೆಯುವ ಅಗತ್ಯವಿರಲಿಲ್ಲ. ಆಮೇಲೆ ನಾಗಮಣಿಯ ಧ್ವನಿ ಸಂದೇಶ ಬಂತು: "ಅಕ್ಕ, ನೀವು ಕೊಟ್ಟ ಸಸೀಲಿ ಎಲೆ ಕಿತ್ತು ಒಲೆ ಮೇಲೆ ಕಷಾಯಕ್ಕೆ ಇಟ್ಟಿದ್ದೆ. ಈಗ ಚೆಲ್ಲಿದೆ. ಮಗೂಗೆ ಕೆಮ್ಮು, ಅದಕ್ಕೇ ಇಟ್ಟಿದ್ದೆ." ಆಸ್ಪತ್ರೆಯ ಗಡಿಬಿಡಿಯಲ್ಲಿ ಆ ಮೊಸರಿನ ಡಬ್ಬದ ನೆನಪೇ ರೆಹಾನಾಳಿಗೆ ಬಂದಿರಲಿಲ್ಲ.

ಅದರ ಬೆನ್ನಿಗೆ ನರಸಿಂಹ: "ಅಕ್ಕಾ, ಚಳಿ ಗೆದ್ದಿದ್ದೇನೋ ನಿಜ, ಇನ್ನೊಂದ್ ಚೂರಲ್ಲಿ ನಮ್ಮನ್ನೂ ಗೆಲ್ತಿತ್ತು. ಈದ್‌ಗೆ ಬಿರಿಯಾನಿ ಕಳಿಸಿ, ಎಲೆ ಮಾತ್ರ ಹಾಕ್ಬೇಡಿ."

ರೆಹಾನಾ ಎಷ್ಟೋ ದಿನದ ಮೇಲೆ ಬಾಯಿ ತುಂಬ ನಕ್ಕಳು.

ಈದ್ ಕಳೆದ ವಾರ ವೃದ್ಧಾಶ್ರಮದಲ್ಲಿ ಮ್ಯಾನೇಜರಮ್ಮ ಕೇರರ್‌ಗಳನ್ನೆಲ್ಲ ಊಟದ ಕೋಣೆಗೆ ಕರೆದಳು. ಸಾವುಗಳ ಬಗ್ಗೆ ಸರ್ಕಾರದ ತಪಾಸಣೆಯವರು ಒಬ್ಬೊಬ್ಬರ ಜೊತೆ ಫೋನಿನಲ್ಲಿ ಮಾತಾಡುತ್ತಾರಂತೆ. "ನಾವೆಲ್ಲ ಒಂದೇ ಮನೆಯವರು," ಎಂದಳು ಮ್ಯಾನೇಜರಮ್ಮ. "ಮಾಸ್ಕು ಹೊತ್ತಿಗೆ ಸರಿಯಾಗಿ ಕೊಟ್ವಿ, ಗೊತ್ತಾದ ತಕ್ಷಣ ತಿಳಿಸಿದ್ವಿ. ಅಷ್ಟು ಹೇಳಿದ್ರೆ ಸಾಕು. ಮನೆಯ ಹೆಸರು ಹೋದ್ರೆ ನಿಮ್ಮೆಲ್ಲರ ಕೆಲಸವೂ ಹೋಗುತ್ತೆ. ರೆಹಾನಾ, ಏನಂತೀ?"

ಕೋಣೆಯಲ್ಲಿ ಫಿಲಿಪೀನ್ಸಿನವರು, ಕೇರಳದವರು, ಪೋಲೆಂಡಿನವರು ಇದ್ದರು. ಎಲ್ಲರೂ ನೆಲ ನೋಡುತ್ತಿದ್ದರು.

ರೆಹಾನಾ ಎದ್ದು ನಿಂತಳು. ಮಾಸ್ಕನ್ನು ಮೂಗಿನ ಮೇಲೆ ಸರಿಮಾಡಿಕೊಂಡಳು. ಆ ಮೂಗಿಗೆ ಇನ್ನೂ ಯಾವ ವಾಸನೆಯೂ ಬರುತ್ತಿರಲಿಲ್ಲ. ಕೊಳೆತದ್ದು ಯಾವುದೆಂದು ತಿಳಿಯಲು ಈಗ ಅದರ ಅಗತ್ಯವೂ ಇರಲಿಲ್ಲ.

"ಎರಡು ವಾರದ ಹಿಂದೆ ನನ್ನ ಕೈಯಿಂದ ಒಂದು ತಪ್ಪಾಯ್ತು," ಎಂದು ತನ್ನ ಒರಟು ಇಂಗ್ಲಿಷಿನಲ್ಲೇ ಹೇಳಿದಳು. "ನನ್ನ ಜನದ ಮುಂದೆ ನನ್ನ ಹೆಸರು ಉಳಿಸೋಕೇ ನಾನು ಅದನ್ನ ಮುಚ್ಚಿಡಲಿಲ್ಲ. ನಿಮ್ಮ ಹೆಸರು ಉಳಿಸೋಕೆ ನಿಮ್ಮ ತಪ್ಪನ್ನ ಯಾಕೆ ಮುಚ್ಚಿಡ್ಲಿ?"

ಅವಳು ಕೂರಲಿಲ್ಲ. ಅವಳ ಪಕ್ಕದಲ್ಲಿದ್ದ ಮನಿಲಾದ ಹುಡುಗಿ ಕುರ್ಚಿ ಹಿಂದೆ ಸರಿಸಿ ತಾನೂ ಎದ್ದಳು.

ತಪಾಸಣೆಯವರ ಫೋನು ಬಂದಾಗ ರೆಹಾನಾ ಹಿತ್ತಿಲಲ್ಲಿದ್ದಳು. ಕುಂಡದ ಗಿಡ ಈಗ ಅವಳ ಹೆಗಲ ಎತ್ತರಕ್ಕೆ ಎದ್ದು, ನೇರಳೆ ಗಂಟೆಗಳನ್ನು ತೂಗಿಕೊಂಡು ನಿಂತಿತ್ತು. ಕೀಳಲು ಅವಳಿಗೆ ಮನಸ್ಸು ಬಂದಿರಲಿಲ್ಲ. ಕುಂಡಕ್ಕೆ ಅಲೀನಾ ಎರಡು ಭಾಷೆಯಲ್ಲಿ ಚೀಟಿ ಅಂಟಿಸಿದ್ದಳು, ಕನ್ನಡದ್ದು ಸೊಟ್ಟ ಅಕ್ಷರದಲ್ಲಿ: ನೋಡಿ, ತಿನ್ನಬೇಡಿ. ಗೋಡೆಯಾಚೆ ಬ್ರೀಡಮ್ಮ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು, ಕೇಳಿಸಿಕೊಳ್ಳುತ್ತಿಲ್ಲ ಎಂಬಂತೆ ಮುಖ ಮಾಡಿಕೊಂಡು.

ಎಲ್ಲಿಂದ ಶುರು ಮಾಡುತ್ತೀರಿ ಎಂದು ಫೋನಿನ ದನಿ ಕೇಳಿತು.

"ಡೆಸ್ಮಂಡ್ ಅಂತ ಒಬ್ಬರಿದ್ರು," ಎಂದಳು ರೆಹಾನಾ. "ರೈಲ್ವೆ ಗಾರ್ಡು. ದಿನಾ ಗಡ್ಡ ಹೆರೀತಿದ್ದೋಳು ನಾನು. ಬರ್ಕೊಳ್ಳಿ."